ಕೇಳಿ–ಹೇಳಿ: ಗ್ರಾಹಕರಿಗೆ ತೃಪ್ತಿ ಇದೆ ಅಂದಿರಾ? ಯಾರನ್ನು, ಯಾವಾಗ ಕೇಳಿದಿರಿ?

ವಿದ್ಯುತ್, ನೀರು, ಗ್ಯಾಸ್, ದೂರವಾಣಿ, ಬ್ಯಾಂಕು, ಆಸ್ಪತ್ರೆ ಮುಂತಾದ ಸೇವೆಗಳಲ್ಲಿ ಗ್ರಾಹಕರ ತೃಪ್ತಿಯನ್ನು ಅಳೆಯುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಬರೆದವರಲ್ಲಿ ಹೆಚ್ಚಿನವರು ಸಮೀಕ್ಷೆ ಮಾಡಿಸುವವರು. ಉತ್ತರ ಕೊಟ್ಟು ಕೊಟ್ಟು ಬೇಸತ್ತವರೂ ಒಂದಿಬ್ಬರಿದ್ದಾರೆ.

ಪ್ರಶ್ನೆ: ನಮ್ಮ ನೀರು ಸರಬರಾಜು ವಿಭಾಗದಲ್ಲಿ 40,000 ಸಂಪರ್ಕಗಳಿವೆ. ಶೇ. 10ರಷ್ಟು ಗ್ರಾಹಕರನ್ನಾದರೂ ಕೇಳದಿದ್ದರೆ ಸಮೀಕ್ಷೆಗೆ ಬೆಲೆಯೇ ಇಲ್ಲ ಅನ್ನುತ್ತಾರೆ ಮೇಲಿನವರು. 4,000 ಮಂದಿಯನ್ನು ಕೇಳಲು ನಮ್ಮಲ್ಲಿ ಆಳೂ ಇಲ್ಲ, ಹಣವೂ ಇಲ್ಲ. ಏನು ಮಾಡಲಿ?

ಉತ್ತರ: ಶೇ. 10 ಎಂಬ ನಿಯಮಕ್ಕೆ ಬುಡವಿಲ್ಲ. ಎಷ್ಟು ಮಂದಿ ಉತ್ತರ ಕೊಟ್ಟರು ಎಂಬ ಸಂಖ್ಯೆ ಮುಖ್ಯ, ಒಟ್ಟು ಗ್ರಾಹಕರಲ್ಲಿ ಅವರು ಎಷ್ಟನೇ ಪಾಲು ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಚೀಟಿ ಎತ್ತಿದ ಹಾಗೆ, ಯಾರ ಕೈವಾಡವೂ ಇಲ್ಲದೆ ಆರಿಸಿದ 400 ಮಂದಿ ಉತ್ತರಿಸಿದರೆ ನಿಮಗೆ ಸಿಗುವ ಶೇಕಡಾವಾರು ಅಂಕಿ ನಿಜಕ್ಕಿಂತ 5 ಶೇಕಡಾ ಅಂಶ ಆಚೀಚೆ ಇರಬಹುದು. 100 ಸಲ ಇದೇ ಸಮೀಕ್ಷೆ ಮಾಡಿದರೆ 95 ಸಲ ಈ ಮಿತಿಯೊಳಗೇ ಬರುತ್ತದೆ. ಲೆಕ್ಕಕ್ಕೆ ಸರಿಯಾಗಿ ಬೇಕಾದದ್ದು 40,000 ಸಂಪರ್ಕಗಳಿಗೆ 381, ನಾಲ್ಕು ಲಕ್ಷಕ್ಕೆ 384. ವ್ಯತ್ಯಾಸ ಮೂರೇ ಮೂರು! ಸಂಪರ್ಕಗಳು 500 ಮಾತ್ರ ಇದ್ದರೆ 217 ಸಾಕು. ಅಂದರೆ ಗ್ರಾಹಕರ ಸಂಖ್ಯೆ ತೀರ ಚಿಕ್ಕದಿದ್ದಾಗ ಮಾತ್ರ ಪಾಲಿಗೆ ಬೆಲೆ ಬರುತ್ತದೆ.

ಆಚೀಚಿನ ಅಂತರವನ್ನು ಅರ್ಧಕ್ಕೆ ಇಳಿಸಬೇಕಾದರೆ ಉತ್ತರಗಳನ್ನು ನಾಲ್ಕು ಪಟ್ಟು ಮಾಡಬೇಕು. 100 ಉತ್ತರಕ್ಕೆ ಸುಮಾರು 10 ಅಂಶ, 400ಕ್ಕೆ 5, 1,070ಕ್ಕೆ 3, 2,400ಕ್ಕೆ 2. 4,000 ಮಂದಿಯನ್ನು ಕೇಳಿದರೆ ಒಂದೂವರೆ ಅಂಶಕ್ಕೆ ಬರಬಹುದು ನಿಜ, ಆದರೆ ಆ ಒಂದೂವರೆ ಅಂಶವನ್ನು ಇಟ್ಟುಕೊಂಡು ನೀವು ತೆಗೆದುಕೊಳ್ಳುವ ತೀರ್ಮಾನ ಏನಾದರೂ ಬದಲಾಗುತ್ತದೆಯೇ ಎಂದು ಮೇಲಿನವರನ್ನು ಕೇಳಿ.

ಒಂದು ಎಚ್ಚರಿಕೆ. ಎಂಟು ವಲಯಗಳಿಗೂ ಬೇರೆ ಬೇರೆ ಅಂಕಿ ಬೇಕು ಅಂದರೆ 400ರ ಲೆಕ್ಕ ಪ್ರತಿ ವಲಯಕ್ಕೂ ಅನ್ವಯಿಸುತ್ತದೆ, ಒಟ್ಟು 3,200 ಆಗುತ್ತದೆ. ಅಷ್ಟು ಆಗದಿದ್ದರೆ ವಲಯಕ್ಕೆ 100ರಂತೆ 800 ಮಾಡಿ, ವಲಯವಾರು ಅಂಕಿ 10 ಅಂಶ ಆಚೀಚೆ ಎಂದು ವರದಿಯಲ್ಲೇ ಬರೆಯಿರಿ. ಆಗ ಒಟ್ಟು ಅಂಕಿ ತೆಗೆಯುವಾಗ ತೂಕ ಕೊಡುವುದನ್ನು ಮರೆಯಬಾರದು. 800ರಲ್ಲಿ 100 ಅಂದರೆ ಶೇ. 12.5. ಒಂದು ವಲಯದಲ್ಲಿ ನಿಜವಾಗಿ ಶೇ. 30ರಷ್ಟು ಸಂಪರ್ಕಗಳಿದ್ದರೆ ಅಲ್ಲಿನ ಪ್ರತಿ ಉತ್ತರಕ್ಕೂ 30 ಭಾಗಿಸು 12.5, ಅಂದರೆ 2.4ರ ತೂಕ. ಶೇ. 10 ಇರುವ ವಲಯಕ್ಕೆ 0.8. ತೂಕ ಕೊಡದೆ ಸರಾಸರಿ ತೆಗೆದರೆ ಚಿಕ್ಕ ವಲಯದ ದನಿ ದೊಡ್ಡ ವಲಯದ ದನಿಯಷ್ಟೇ ಜೋರಾಗಿ ಕೇಳುತ್ತದೆ.

ಇನ್ನು ಆರಿಸುವ ಕೆಲಸ. ಸಂಪರ್ಕಗಳ ಪಟ್ಟಿಯನ್ನು ಮೀಟರ್ ಓದುವ ದಾರಿಯ ಕ್ರಮದಲ್ಲೇ ಇಡಿ. 2,000 ಹೆಸರು ಬೇಕಾದರೆ ಪ್ರತಿ 20ನೆಯದನ್ನು ಎತ್ತಿ. ಮೊದಲನೆಯದು ಯಾವುದು ಎಂಬುದನ್ನು ಮಾತ್ರ 1ರಿಂದ 20ರೊಳಗೆ ಚೀಟಿ ಹಾಕಿ ತೀರ್ಮಾನಿಸಿ. ಹೀಗೆ ಮಾಡಿದರೆ ಎಲ್ಲ ಬೀದಿಗಳೂ ತಾವಾಗಿ ಒಳಗೆ ಬರುತ್ತವೆ. 400 ಉತ್ತರಕ್ಕೆ 2,000 ಹೆಸರು ಯಾಕೆ ಅಂದರೆ, ಫೋನು ಎತ್ತದವರು, ನಂಬರ್ ಬದಲಿಸಿದವರು, ಆಮೇಲೆ ಮಾಡಿ ಅನ್ನುವವರು ಸೇರಿ ಐದರಲ್ಲಿ ನಾಲ್ಕು ಪಾಲು ಉದುರಿಹೋಗುವುದುಂಟು. ಆದರೆ 2,000ವನ್ನೂ ಒಟ್ಟಿಗೆ ಬಿಚ್ಚಬೇಡಿ. 200ರ ಕಟ್ಟುಗಳಾಗಿ ಮಾಡಿ, ಪ್ರತಿಯೊಂದೂ ಇಡೀ ಪಟ್ಟಿಯಿಂದ ಹೆಕ್ಕಿದ್ದಾಗಿರಲಿ. ಒಂದು ಕಟ್ಟಿನಲ್ಲಿ ಪ್ರತಿ ನಂಬರಿಗೂ ಬೇರೆ ಬೇರೆ ಹೊತ್ತಿನಲ್ಲಿ, ಒಂದಾದರೂ ಸಂಜೆ ಮತ್ತು ಒಂದಾದರೂ ರಜಾ ದಿನ ಸೇರಿದಂತೆ, ನಾಲ್ಕೈದು ಸಲ ಕರೆ ಮಾಡಿ ಮುಗಿಸಿದ ಮೇಲೆಯೇ ಮುಂದಿನ ಕಟ್ಟು. ಎಲ್ಲವನ್ನೂ ಒಮ್ಮೆಗೇ ಕೊಟ್ಟರೆ ಕರೆ ಮಾಡುವವರು ಸುಲಭವಾಗಿ ಸಿಕ್ಕಿದವರಲ್ಲೇ 400 ತುಂಬಿಸಿಬಿಡುತ್ತಾರೆ. ಹಗಲು ಮನೆಯಲ್ಲಿರುವವರ ಸಮೀಕ್ಷೆ ಆಗುತ್ತದೆ ಅದು.

ಸಂಪರ್ಕದ ಹೆಸರಿನಲ್ಲಿರುವ ಫೋನು ಮನೆ ಮಾಲೀಕರದ್ದಾಗಿದ್ದು, ನೀರು ಬಳಸುವವರು ಬಾಡಿಗೆದಾರರಾಗಿರುವುದು ಬಹಳ. ಅದಕ್ಕೇ ಮೊದಲ ಪ್ರಶ್ನೆ "ಈ ಸಂಪರ್ಕ ಇರುವ ಮನೆಯಲ್ಲಿ ಈಗ ವಾಸ ಇರುವವರು ನೀವೇನಾ?" ಎಂದಿರಲಿ.

ಪ್ರಶ್ನೆ: ಕರೆ ಬೇಡವೆಂದು ನಾವು 20 ಬೀದಿಗಳನ್ನು ಆರಿಸಿ, ಬೀದಿಗೆ 20 ಮನೆಗಳಂತೆ 400 ಮನೆಗೆ ಹೋಗಿ ಬಂದೆವು. ನಿಖರತೆ ಅದೇ ಅಲ್ಲವೇ?

ಉತ್ತರ: ಅಲ್ಲ. ಒಂದು ಬೀದಿಯವರಿಗೆಲ್ಲ ಒಂದೇ ಪೈಪು, ಒಂದೇ ವಾಲ್ವು, ಒಂದೇ ಟ್ರಾನ್ಸ್‌ಫಾರ್ಮರ್. ಒಬ್ಬರ ಉತ್ತರ ಕೇಳಿದರೆ ಪಕ್ಕದ ಮನೆಯವರ ಉತ್ತರ ಅರ್ಧ ಗೊತ್ತಾದಂತೆಯೇ. ಈ ಹೋಲಿಕೆ (0 ಅಂದರೆ ಹೋಲಿಕೆಯೇ ಇಲ್ಲ, 1 ಅಂದರೆ ಬೀದಿಯವರದೆಲ್ಲ ಒಂದೇ ಉತ್ತರ) 0.05ರಷ್ಟೇ ಇದೆ ಎಂದಿಟ್ಟುಕೊಂಡರೂ ಲೆಕ್ಕ ಹೀಗೆ: 1 + (20 − 1) × 0.05 = 1.95. ನಿಮ್ಮ 400 ಮನೆಗಳ ಬೆಲೆ 400 ಭಾಗಿಸು 1.95, ಅಂದರೆ ಸುಮಾರು 205. ಅದೇ 400 ಮನೆಗಳನ್ನು 80 ಬೀದಿ, ಬೀದಿಗೆ 5 ಎಂದು ಹಂಚಿದ್ದರೆ 333ರ ಬೆಲೆ ಸಿಗುತ್ತಿತ್ತು. ಓಡಾಟ ಜಾಸ್ತಿ, ಆದರೆ ಅದು ದಂಡವಾಗದು. ಬೀಗ ಹಾಕಿದ ಮನೆಯ ಬದಲಿಗೆ ಪಕ್ಕದ ಮನೆಯನ್ನು ತೆಗೆದುಕೊಳ್ಳುವುದನ್ನೂ ನಿಲ್ಲಿಸಿ. ಮನೆಯೊಳಗೆ ಯಾರನ್ನು ಕೇಳುವುದು ಎಂಬುದಕ್ಕೆ ಸುಲಭ ದಾರಿ, 18 ದಾಟಿದವರಲ್ಲಿ ಯಾರ ಹುಟ್ಟುಹಬ್ಬ ಇತ್ತೀಚೆಗೆ ಆಯಿತೋ ಅವರನ್ನು ಕೇಳುವುದು. ಬಾಗಿಲು ತೆಗೆದವರನ್ನೇ ಕೇಳುತ್ತ ಹೋದರೆ ಮತ್ತೆ ಅದೇ ಹಗಲು ಮನೆಯಲ್ಲಿರುವವರ ಸಮೀಕ್ಷೆ.

ಪ್ರಶ್ನೆ: ಬಿಲ್ ಕೌಂಟರಿನ ಪಕ್ಕ ಕ್ಯೂಆರ್ ಕೋಡ್ ಅಂಟಿಸಿದ್ದೇವೆ. 11,000 ಉತ್ತರ ಬಂದಿದೆ, ಶೇ. 92 ಮಂದಿಗೆ ತೃಪ್ತಿ ಇದೆಯಂತೆ. ಇದಕ್ಕಿಂತ ದೊಡ್ಡ ಸ್ಯಾಂಪಲ್ ಬೇಕೇ?

ಉತ್ತರ: ದೊಡ್ಡದು ಎಂಬುದೇ ಇಲ್ಲಿ ಮೋಸ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮೊದಲು ಸುಮಾರು ಒಂದು ಕೋಟಿ ಕಾರ್ಡು ಕಳಿಸಿ, 20 ಲಕ್ಷಕ್ಕೂ ಮೀರಿ ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆ ಎಂದು ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ ಸುಮಾರು ಶೇ. 61 ಮತಗಳಿಂದ. ವಿಳಾಸಗಳನ್ನು ತೆಗೆದುಕೊಂಡದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಮುಂತಾದ ಪಟ್ಟಿಗಳಿಂದ. ಜೊತೆಗೆ ಉತ್ತರಿಸಲು ಮನಸ್ಸಿದ್ದವರು ಮಾತ್ರ ಉತ್ತರಿಸಿದರು. ನಿಮ್ಮ ಕೋಡ್ ಕಣ್ಣಿಗೆ ಬೀಳುವುದೂ ಕೌಂಟರಿಗೆ ಬರುವವರಿಗೆ ಮಾತ್ರ. ಆ ಕೋಡ್ ಅನ್ನು ತೆಗೆಯಬೇಡಿ. ಅದನ್ನು ದೂರಿನ ಪೆಟ್ಟಿಗೆ ಎಂದು ಕರೆಯಿರಿ, ದಿನವೂ ಓದಿ. ಶೇಕಡಾವಾರು ಹಾಕಿ ವರದಿಯಲ್ಲಿ ಅಚ್ಚು ಹಾಕಬೇಡಿ.

ಪ್ರಶ್ನೆ: ಕಳೆದ ವರ್ಷ ತೃಪ್ತರು ಶೇ. 78, ಈ ವರ್ಷ 81. ಎರಡು ಸಲವೂ 400 ಮಂದಿಯನ್ನು ಕೇಳಿದ್ದೆವು. ಸುಧಾರಣೆಯಾಗಿದೆ ಎಂದು ಹೇಳಬಹುದೇ?

ಉತ್ತರ: ಈ ಅಂಕಿಯ ಮೇಲೆ ಹೇಳಲಾಗದು. ಎರಡು ಸಮೀಕ್ಷೆಗಳ ನಡುವಿನ ವ್ಯತ್ಯಾಸಕ್ಕೆ ಎರಡರ ದೋಷವೂ ಸೇರುತ್ತದೆ. ಶೇ. 80ರ ಆಸುಪಾಸಿನಲ್ಲಿ, ತಲಾ 400 ಉತ್ತರಗಳಿದ್ದಾಗ, ಸುಮಾರು ಐದೂವರೆ ಅಂಶಕ್ಕಿಂತ ಹೆಚ್ಚಿನ ಏರಿಳಿತವನ್ನು ಮಾತ್ರ ನಂಬಬಹುದು. 3 ಅಂಶ ಬರೀ ಚೀಟಿ ಎತ್ತಿದ ಅದೃಷ್ಟವೂ ಇರಬಹುದು. ಇನ್ನೂ ಮೊದಲು ನೋಡಬೇಕಾದದ್ದು, ಎರಡು ಸಲವೂ ಕೇಳಿದ ತಿಂಗಳು, ಕೇಳಿದ ರೀತಿ, ಪ್ರಶ್ನೆಗಳ ಕ್ರಮ ಒಂದೇ ಇತ್ತೇ ಎಂಬುದು. ಫೋನಿನಲ್ಲಿ ಜೀವಂತ ಮನುಷ್ಯ ಕೇಳುವಾಗ ಜನ ಸಂಕೋಚಕ್ಕೆ ಬಿದ್ದು ಒಂದು ಅಂಕ ಹೆಚ್ಚೇ ಕೊಡುತ್ತಾರೆ, ಲಿಂಕ್ ಒತ್ತಿ ಉತ್ತರಿಸುವಾಗ ಮನಸ್ಸಿನಲ್ಲಿದ್ದದ್ದನ್ನೇ ಒತ್ತುತ್ತಾರೆ. ಫೋನಿನಿಂದ ಲಿಂಕಿಗೆ ಬದಲಿಸಿದ ವರ್ಷ ಅಂಕ ಕುಸಿದರೆ ಸೇವೆ ಕೆಟ್ಟಿತು ಎಂದು ಗಾಬರಿ ಬೀಳುವ ಮೊದಲು, ಒಂದು ಸುತ್ತು ಎರಡೂ ರೀತಿಯಲ್ಲಿ ನಡೆಸಿ ಅಂತರ ಎಷ್ಟೆಂದು ನೋಡಿಕೊಳ್ಳಬೇಕು.

ಪ್ರಶ್ನೆ: "ನಮ್ಮ ಸಂಸ್ಥೆಯನ್ನು ಸ್ನೇಹಿತರಿಗೆ ಶಿಫಾರಸು ಮಾಡುತ್ತೀರಾ?" ಎಂಬ ಒಂದೇ ಪ್ರಶ್ನೆ ಸಾಕು ಎಂದು ನಮ್ಮ ಸಲಹೆಗಾರರು ಹೇಳುತ್ತಾರೆ. ನಮ್ಮದು ವಿದ್ಯುತ್ ವಿತರಣೆ.

ಉತ್ತರ: ಆ ಪ್ರಶ್ನೆಯನ್ನು ಜನಪ್ರಿಯ ಮಾಡಿದವರು ಅಮೆರಿಕದ ವ್ಯವಹಾರ ಸಲಹೆಗಾರ ಫ್ರೆಡ್ ರೈಕ್‌ಹೆಲ್ಡ್. 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬರೆದ ಲೇಖನದ ಮೂಲಕ. 0ಯಿಂದ 10ರ ಅಳತೆ. 9, 10 ಕೊಟ್ಟವರು ಹೊಗಳುವವರು, 0ಯಿಂದ 6ರವರೆಗೆ ಕೊಟ್ಟವರು ತೆಗಳುವವರು, 7, 8 ಲೆಕ್ಕಕ್ಕಿಲ್ಲ. ಹೊಗಳುವವರ ಶೇಕಡಾದಿಂದ ತೆಗಳುವವರ ಶೇಕಡಾ ಕಳೆದರೆ ಎನ್‌ಪಿಎಸ್ (ನೆಟ್ ಪ್ರಮೋಟರ್ ಸ್ಕೋರ್) ಅಂಕ.

ಗ್ರಾಹಕರಿಗೆ ಬೇರೆ ಆಯ್ಕೆ ಇರುವ ಕಡೆ, ಹೋಟೆಲು, ಮೊಬೈಲ್ ಕಂಪನಿ, ಬ್ಯಾಂಕು ಇಂಥ ಕಡೆ, ಈ ಪ್ರಶ್ನೆಗೆ ಅರ್ಥವಿದೆ. ಒಂದು ಬೀದಿಗೆ ಒಂದೇ ತಂತಿ ಬರುವಲ್ಲಿ "ಶಿಫಾರಸು ಮಾಡುತ್ತೀರಾ" ಎಂದರೆ ಉತ್ತರಿಸುವವರು ನಗುತ್ತಾರೆ. "ಇನ್ನೊಬ್ಬರು ಇದ್ದರಲ್ಲವೇ ಶಿಫಾರಸು" ಎಂದು ಹೇಳಿ 0 ಕೊಡುವವರೂ ಇದ್ದಾರೆ, ಪ್ರಶ್ನೆ ಅರ್ಥವಾಗದೆ 5 ಕೊಡುವವರೂ ಇದ್ದಾರೆ. ಈ ಇಬ್ಬರೂ ನಿಮ್ಮ ಲೆಕ್ಕದಲ್ಲಿ ತೆಗಳುವವರೇ.

ಅಂಕದ ಒಳಗೇ ಇನ್ನೆರಡು ತೊಡಕುಗಳಿವೆ. ಅರ್ಧ ಜನ ಹೊಗಳಿ ಅರ್ಧ ಜನ ತೆಗಳಿದರೂ ಅಂಕ ಸೊನ್ನೆ, ಎಲ್ಲರೂ 7, 8 ಕೊಟ್ಟರೂ ಸೊನ್ನೆ. ಮೊದಲನೆಯದು ಊರು ಎರಡು ಹೋಳಾದ ಸ್ಥಿತಿ, ಎರಡನೆಯದು ಯಾರಿಗೂ ದೊಡ್ಡ ತಕರಾರಿಲ್ಲದ ಸ್ಥಿತಿ. ಮಾಡಬೇಕಾದ ಕೆಲಸ ಎರಡು ಕಡೆಯೂ ಒಂದೇ ಆಗಲು ಸಾಧ್ಯವೇ? ಇನ್ನು ಎರಡನೆಯ ತೊಡಕು: ಈ ಅಂಕ ಸಾಮಾನ್ಯ ಶೇಕಡಾವಾರಿಗಿಂತ ಹೆಚ್ಚು ಅಲುಗಾಡುತ್ತದೆ. ಹೊಗಳುವವರು ಶೇ. 40, ತೆಗಳುವವರು 25 ಇದ್ದು ಅಂಕ 15 ಬಂದರೆ, 400 ಉತ್ತರಗಳಿದ್ದೂ ಅದು 7ರಿಂದ 23ರೊಳಗೆ ಎಲ್ಲಿ ಬೇಕಾದರೂ ಇರಬಹುದು. ತಿಂಗಳು ತಿಂಗಳೂ ಅದನ್ನು ಗೋಡೆಗೆ ತೂಗುಹಾಕಿ ಯಾಕೆ ಇಳಿಯಿತು ಎಂದು ಸಭೆ ಕರೆಯುವುದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ವಿದ್ಯುತ್ತಿಗೆ ಹೊಂದುವ ಪ್ರಶ್ನೆ ಬೇರೆ. "ಈ ಕೆಲಸ ಆಗಲು ನೀವು ಎಷ್ಟು ಕಷ್ಟಪಡಬೇಕಾಯಿತು?" ಎಂದು ಕೇಳುವ, ಗ್ರಾಹಕರ ಶ್ರಮವನ್ನು ಅಳೆಯುವ ವಿಧಾನ 2010ರಿಂದ ಬಳಕೆಯಲ್ಲಿದೆ. ತೃಪ್ತಿಯ ಒಟ್ಟು ಪ್ರಶ್ನೆ ಒಂದು, ಶ್ರಮದ ಪ್ರಶ್ನೆ ಒಂದು, "ಹೇಳಿದ ಹೊತ್ತಿಗೆ ಕೆಲಸ ಆಯಿತೇ" ಎಂಬುದು ಒಂದು. ಈ ಮೂರು ಇಟ್ಟುಕೊಳ್ಳಿ. ಕರೆಂಟಿನ ವಿಷಯದಲ್ಲಿ ಜನ ಆನಂದ ಬಯಸುವುದಿಲ್ಲ, ಅದರ ನೆನಪೇ ಬಾರದಂತೆ ಇರಬೇಕು ಎಂದು ಬಯಸುತ್ತಾರೆ.

ಪ್ರಶ್ನೆ: ನಮ್ಮ ಪ್ರಶ್ನಾವಳಿಯ ಕೆಲವು ಪ್ರಶ್ನೆಗಳನ್ನು ಕಳಿಸಿದ್ದೇನೆ. ತಿದ್ದಿಕೊಡಿ. (1) ನಮ್ಮ ಸಿಬ್ಬಂದಿ ಬೇಗ ಬಂದು ಸೌಜನ್ಯದಿಂದ ವರ್ತಿಸಿದರೇ? (2) ನಮ್ಮ ಸುಧಾರಿತ ಆನ್‌ಲೈನ್ ಸೇವೆ ನಿಮಗೆ ಎಷ್ಟು ಇಷ್ಟವಾಯಿತು? (3) ಕಳೆದ ವರ್ಷದಲ್ಲಿ ಎಷ್ಟು ಸಲ ವಿದ್ಯುತ್ ವ್ಯತ್ಯಯ ಉಂಟಾಗಿದೆ? (4) ದರ ಸಮಂಜಸವಾಗಿದೆಯೇ?

ಉತ್ತರ: ಒಂದನೆಯದರಲ್ಲಿ ಎರಡು ಪ್ರಶ್ನೆ ಇದೆ. ತಡವಾಗಿ ಬಂದು ನಯವಾಗಿ ಮಾತಾಡಿದವರ ಬಗ್ಗೆ ಏನು ಹೇಳುವುದು? "ದೂರು ಕೊಟ್ಟ ಎಷ್ಟು ಹೊತ್ತಿಗೆ ಬಂದರು?" ಎಂದು ಗಂಟೆಯ ಲೆಕ್ಕದಲ್ಲೇ ಕೇಳಿ, ನಡವಳಿಕೆಯನ್ನು ಬೇರೆಯಾಗಿ ಕೇಳಿ. ಎರಡನೆಯದು ಉತ್ತರವನ್ನು ಬಾಯಿಗೆ ತುರುಕುತ್ತದೆ. "ಸುಧಾರಿತ" ತೆಗೆದುಹಾಕಿ, ಮೊದಲು "ಕಳೆದ 3 ತಿಂಗಳಲ್ಲಿ ಆನ್‌ಲೈನ್‌ನಲ್ಲಿ ಬಿಲ್ ಕಟ್ಟಿದ್ದೀರಾ?" ಎಂದು ಕೇಳಿ, ಹೌದು ಅಂದವರನ್ನು ಮಾತ್ರ ಮುಂದಕ್ಕೆ ಕೇಳಿ. ಬಳಸದವರ ಅಭಿಪ್ರಾಯ ಸೇರಿಸಿದರೆ ನಡುವಿನ ಅಂಕಗಳು ಉಬ್ಬುತ್ತವೆ. ಮೂರನೆಯದಕ್ಕೆ ವರ್ಷದ ನೆನಪು ಯಾರಿಗೂ ಇರುವುದಿಲ್ಲ. "ಕಳೆದ 7 ದಿನಗಳಲ್ಲಿ ಎಷ್ಟು ಸಲ ಕರೆಂಟ್ ಹೋಗಿತ್ತು?" ಎನ್ನಿ. "ವ್ಯತ್ಯಯ" ಕಚೇರಿಯ ಕಡತದ ಪದ, ಮನೆಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ನಾಲ್ಕನೆಯದಕ್ಕೆ ಜಗತ್ತಿನಲ್ಲಿ ಎಲ್ಲಿ ಕೇಳಿದರೂ "ಇಲ್ಲ" ಎಂಬುದೇ ಉತ್ತರ. ಬದಲಿಗೆ "ಬಿಲ್ಲಿನಲ್ಲಿ ಯಾವುದಕ್ಕೆ ಎಷ್ಟು ಹಾಕಿದ್ದಾರೆ ಎಂದು ನಿಮಗೆ ತಿಳಿಯುತ್ತದೆಯೇ?" ಎಂದು ಕೇಳಿದರೆ ನೀವು ಸರಿಪಡಿಸಬಹುದಾದ ಸಂಗತಿ ಸಿಗುತ್ತದೆ.

ಉತ್ತರದ ಅಳತೆಯ ಬಗ್ಗೆ ಒಂದು ಮಾತು, ಇದು ಕನ್ನಡದಲ್ಲಿ ಸಮೀಕ್ಷೆ ಮಾಡುವವರಿಗೆ ಬರುವ ಪೇಚು. ಫೋನಿನಲ್ಲಿ ಜನ ಹೇಳುವುದು "ಪರವಾಗಿಲ್ಲ". ಇದು "ಚೆನ್ನಾಗಿಯೇ ಇದೆ" ಆಗಬಹುದು, "ಹೇಗೋ ನಡೆಯುತ್ತದೆ" ಆಗಬಹುದು, "ಬಿಡಿ, ಹೇಳಿ ಏನು ಪ್ರಯೋಜನ" ಎಂಬುದೂ ಆಗಬಹುದು. 1ರಿಂದ 5ರ ಅಳತೆಯಲ್ಲಿ ಕೇಳುವವರಲ್ಲಿ ಒಬ್ಬರು ಅದಕ್ಕೆ 4 ಹಾಕುತ್ತಾರೆ, ಇನ್ನೊಬ್ಬರು 3. "ಅಡ್ಡಿಯಿಲ್ಲ" ಎಂಬುದೂ ಹೀಗೆಯೇ ಅಡ್ಡಗೋಡೆಯ ಮೇಲಿನ ದೀಪ. ಆದ್ದರಿಂದ ಸಿಬ್ಬಂದಿಗೆ ಬರೆದು ಕೊಡಿ: ಪರವಾಗಿಲ್ಲ ಅಂದರೆ ಅಂಕ ಹಾಕಬೇಡಿ, "ತೃಪ್ತಿ ಇದೆ ಅಂತಲೋ, ತೃಪ್ತಿಯೂ ಇಲ್ಲ ಅತೃಪ್ತಿಯೂ ಇಲ್ಲ ಅಂತಲೋ?" ಎಂದು ಮತ್ತೊಮ್ಮೆ ಕೇಳಿ. "ಗೊತ್ತಿಲ್ಲ" ಎಂಬುದಕ್ಕೆ ಬೇರೆಯೇ ಖಾನೆ ಇರಲಿ, ಅದನ್ನು ನಡುವಿನ 3ಕ್ಕೆ ಸೇರಿಸಬೇಡಿ.

ಒಟ್ಟು ತೃಪ್ತಿಯ ಪ್ರಶ್ನೆಯನ್ನು ಮೊದಲಿಗೇ ಕೇಳಿ. ಹತ್ತು ಕಷ್ಟಗಳನ್ನು ನೆನಪಿಸಿ ಕೊನೆಗೆ ಕೇಳಿದರೆ ಅಂಕ ಬೇರೆಯೇ ಬರುತ್ತದೆ. ಹೊರಡುವ ಮೊದಲು ಎಂಟು ಹತ್ತು ಜನರ ಎದುರು ಕೂತು, ಪ್ರಶ್ನೆಯನ್ನು ಅವರ ಮಾತಿನಲ್ಲಿ ಹೇಳಿಸಿ. ಆಮೇಲೆ 30ರಿಂದ 50 ಮಂದಿಯ ಮೇಲೆ ಪ್ರಯೋಗ. ಫೋನಿನಲ್ಲಿ 10 ನಿಮಿಷ ದಾಟಿದರೆ ಕೊನೆಯ ಪ್ರಶ್ನೆಗಳಿಗೆಲ್ಲ ಒಂದೇ ಅಂಕ ಬರತೊಡಗುತ್ತದೆ.

ಪ್ರಶ್ನೆ: ದೂರು ಬಗೆಹರಿದ ಎಷ್ಟು ಹೊತ್ತಿಗೆ ಅಭಿಪ್ರಾಯ ಕೇಳಬೇಕು?

ಉತ್ತರ: ನಿಮ್ಮ ಕಂಪ್ಯೂಟರಿನಲ್ಲಿ ದೂರು "ಕ್ಲೋಸ್" ಆಗುವುದಕ್ಕೂ ಮನೆಯಲ್ಲಿ ತೊಂದರೆ ನಿಲ್ಲುವುದಕ್ಕೂ ಇರುವ ಅಂತರವೇ ಇಲ್ಲಿನ ಕಥೆ. ಕ್ಲೋಸ್ ಆದ ಕ್ಷಣಕ್ಕೇ ಎಸ್ಸೆಮ್ಮೆಸ್ ಹೋದರೆ, ಇನ್ನೂ ಕತ್ತಲಲ್ಲಿ ಕೂತವರು ಓದುತ್ತಾರೆ. ಕೌಂಟರಿನ ಅಥವಾ ಫೋನ್ ಕರೆಯ ಅನುಭವವಾದರೆ ಅದೇ ದಿನ. ರಿಪೇರಿಯಾದರೆ ಒಂದೆರಡು ದಿನ ಬಿಟ್ಟು, ಏಕೆಂದರೆ ಸೋರುವ ಪೈಪು ಮತ್ತೆ ಸೋರುವುದು ಆಗಲೇ. ಬಿಲ್ ತಿದ್ದುಪಡಿಯಾದರೆ ಮುಂದಿನ ಬಿಲ್ ಕೈಗೆ ಬಂದ ಮೇಲೆ. ದೂರಿನ ನಂತರದ ಈ ಸಮೀಕ್ಷೆಯಲ್ಲಿ ಮೊದಲ ಪ್ರಶ್ನೆ ತೃಪ್ತಿಯದ್ದಲ್ಲ, "ತೊಂದರೆ ನಿಜವಾಗಿ ಸರಿಹೋಯಿತೇ?" ಎಂಬುದು. ಇಲ್ಲ ಅಂದವರ ದೂರನ್ನು ಅಲ್ಲಿಂದಲೇ ಮತ್ತೆ ತೆರೆಯುವ ವ್ಯವಸ್ಥೆ ಇರಬೇಕು. ಆಸ್ಪತ್ರೆಗಳಲ್ಲಿಯೂ ಇದೇ ವಿವೇಕ ಇದೆ. ಅಮೆರಿಕದ ಆಸ್ಪತ್ರೆಗಳ ರೋಗಿಗಳ ಸಮೀಕ್ಷೆ ಶುರುವಾಗುವುದು ರೋಗಿ ಮನೆಗೆ ಹೋಗಿ 48 ಗಂಟೆ ಕಳೆದ ಮೇಲೆಯೇ.

ದೂರು ಕೊಟ್ಟವರನ್ನು ಮಾತ್ರ ಕೇಳಿ ನಿಲ್ಲಿಸಬೇಡಿ. ವರ್ಷವಿಡೀ ಒಂದು ಸಲವೂ ಫೋನ್ ಮಾಡದವರೇ ಹೆಚ್ಚು. ಅವರಲ್ಲಿ ತೃಪ್ತರೂ ಇದ್ದಾರೆ, ಹೇಳಿ ಉಪಯೋಗವಿಲ್ಲ ಎಂದು ಕೈಬಿಟ್ಟವರೂ ಇದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೀರಿನ ಕಂಪನಿಗಳ ನಿಯಂತ್ರಕ ಆಫ್‌ವಾಟ್ 2020ರಿಂದ ನಡೆಸುತ್ತಿರುವ ಸಿ-ಮೆಕ್ಸ್ ಅಳತೆಯಲ್ಲಿ ಎರಡು ಪ್ರತ್ಯೇಕ ಸಮೀಕ್ಷೆಗಳಿವೆ. ಒಂದು ಕಂಪನಿಯನ್ನು ಸಂಪರ್ಕಿಸಿದವರದ್ದು, ಇನ್ನೊಂದು ಚೀಟಿ ಎತ್ತಿದಂತೆ ಆರಿಸಿದ ಎಲ್ಲ ಬಗೆಯ ಗ್ರಾಹಕರದ್ದು. ಅಂಕದ ಮೇಲೆ ಕಂಪನಿಗೆ ಬಹುಮಾನವೋ ದಂಡವೋ ಬೀಳುತ್ತದೆ. ಹಣ ತಗುಲಿಕೊಂಡಾಗ ಸಮೀಕ್ಷೆಯನ್ನು ಕಂಪನಿಯ ಕೈಗೆ ಬಿಡದಿರುವುದೂ ಮುಖ್ಯ.

ಪ್ರಶ್ನೆ: ರಿಪೇರಿಗೆ ಬಂದವರು "ಒಂದು ಮೆಸೇಜ್ ಬರುತ್ತದೆ, ದಯವಿಟ್ಟು 5 ಒತ್ತಿ, ಇಲ್ಲದಿದ್ದರೆ ನನ್ನ ಸಂಬಳಕ್ಕೆ ಕತ್ತರಿ" ಎನ್ನುತ್ತಾರೆ. ಗ್ರಾಹಕಳಾಗಿ ನಾನೇನು ಮಾಡಬೇಕು? ಕಂಪನಿಗೆ ಇದು ಗೊತ್ತಾಗುವುದಿಲ್ಲವೇ?

ಉತ್ತರ: ನಿಮ್ಮ ಕೆಲಸ ಸುಲಭ. ಬಂದವರ ಕೆಲಸ ಚೆನ್ನಾಗಿದ್ದರೆ ಅವರ ಹೆಸರಿಗೆ ಒಳ್ಳೆಯ ಅಂಕ ಕೊಡಿ, ಕಚೇರಿಯ ತಪ್ಪಿದ್ದರೆ ಅದನ್ನು ಬರೆಯುವ ಜಾಗದಲ್ಲಿ ಬೇರೆಯಾಗಿ ಬರೆಯಿರಿ.

ಗೊತ್ತಾಗುವುದಿಲ್ಲವೇ ಅಂದರೆ, ನೋಡಲು ಮನಸ್ಸಿದ್ದರೆ ಗೊತ್ತಾಗುತ್ತದೆ. ಬೇಡಿ ಪಡೆದ ಅಂಕಗಳಲ್ಲಿ 5 ಗುಡ್ಡೆಯಾಗಿರುತ್ತದೆ, 4 ಮತ್ತು 3 ಮಾಯವಾಗಿರುತ್ತವೆ, ಮೂಲೆಯಲ್ಲಿ ಒಂದಿಷ್ಟು 1. ಮೆಸೇಜ್ ಬಂದ ಒಂದೆರಡು ನಿಮಿಷದೊಳಗೆ ಉತ್ತರ ಬಂದಿದ್ದರೆ ಆಗ ಸಿಬ್ಬಂದಿ ಪಕ್ಕದಲ್ಲೇ ನಿಂತಿದ್ದರು ಎಂದೇ ಲೆಕ್ಕ. ಎಷ್ಟು ಕೆಲಸಗಳಿಗೆ ಮೆಸೇಜ್ ಹೋಯಿತು, ಎಷ್ಟಕ್ಕೆ ಹೋಗಲಿಲ್ಲ ಎಂಬುದನ್ನು ಸಿಬ್ಬಂದಿವಾರು ನೋಡಿದರೆ ಇನ್ನೊಂದು ಕೈಚಳಕ ಸಿಗುತ್ತದೆ: ಜಗಳವಾದ ಮನೆಯ ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿರುತ್ತದೆ!

ತಪ್ಪು ಮಾತ್ರ ಸಿಬ್ಬಂದಿಯದ್ದಲ್ಲ. ತಿಂಗಳಿಗೆ 12 ಉತ್ತರ ಬಂದವರ ಸರಾಸರಿ 4.6, ಇನ್ನೊಬ್ಬರದು 4.3 ಇದ್ದರೆ ಅವರಿಬ್ಬರ ನಡುವೆ ಏನೂ ವ್ಯತ್ಯಾಸ ಸಾಬೀತಾಗುವುದಿಲ್ಲ. ಅಷ್ಟು ಕಡಿಮೆ ಉತ್ತರಗಳಲ್ಲಿ ಸರಾಸರಿ ಅರ್ಧ ಅಂಕ ಆಚೀಚೆ ಆಡುವುದು ಸಹಜ. ಒಬ್ಬರಿಗೆ ಹಳೆಯ ಲೈನಿನ ಪ್ರದೇಶ ಸಿಕ್ಕಿ, ಇನ್ನೊಬ್ಬರಿಗೆ ಹೊಸ ಬಡಾವಣೆ ಸಿಕ್ಕಿದ್ದರಂತೂ ಹೋಲಿಸುವುದೇ ಅನ್ಯಾಯ. ಅಂಕವನ್ನು ಸಂಬಳಕ್ಕೆ ಕಟ್ಟಿದ ದಿನವೇ ಅದು ಗ್ರಾಹಕರ ಬಗ್ಗೆ ಹೇಳುವುದನ್ನು ನಿಲ್ಲಿಸಿ ಸಂಬಳದ ಬಗ್ಗೆ ಹೇಳತೊಡಗುತ್ತದೆ. ತಂಡದ ಮಟ್ಟದಲ್ಲಿ, ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಪ್ರಶ್ನೆ: ಸಮೀಕ್ಷೆಯ ವಾರದಲ್ಲೇ ಬಿರುಗಾಳಿ ಬಂದು ಎರಡು ದಿನ ಕರೆಂಟ್ ಇರಲಿಲ್ಲ. ಆ ಉತ್ತರಗಳನ್ನು ಬಿಟ್ಟುಬಿಡಬಹುದೇ?

ಉತ್ತರ: ಬಿಡಬೇಡಿ, ಗುರುತು ಹಾಕಿ. ಪ್ರತಿ ಉತ್ತರದ ಜೊತೆ ದಿನಾಂಕವನ್ನೂ ಆ ಮನೆಯ ಫೀಡರನ್ನೂ (ಸಬ್‌ಸ್ಟೇಷನ್ನಿನಿಂದ ಆ ಪ್ರದೇಶಕ್ಕೆ ಕರೆಂಟ್ ತರುವ ಲೈನು) ಸೇರಿಸಿ ಇಟ್ಟುಕೊಂಡರೆ ಗಾಳಿಗೆ ಸಿಕ್ಕವರು, ಸಿಗದವರು ಎಂದು ಬೇರ್ಪಡಿಸಿ ತೋರಿಸಬಹುದು. ಮುಂದಿನ ವರ್ಷದಿಂದ 400 ಉತ್ತರಗಳನ್ನು ಒಂದೇ ವಾರದಲ್ಲಿ ತೆಗೆಯದೆ ತಿಂಗಳಿಗೆ 34ರಂತೆ ಹಂಚಿ. ದರ ಏರಿದ ತಿಂಗಳು, ಮಳೆಯ ತಿಂಗಳು ಎಲ್ಲ ತಮ್ಮ ತಮ್ಮ ಪಾಲಿಗೆ ಬರುತ್ತವೆ.

ಫೀಡರಿನ ಗುರುತು ಇದ್ದರೆ ಇನ್ನೊಂದು ಲಾಭ. ವಿದ್ಯುತ್ ಕಂಪನಿಗಳು ಸೈಡಿ, ಸೈಫಿ ಎಂಬ ಎರಡು ಅಂಕಿ ಇಟ್ಟಿರುತ್ತವೆ. ಒಬ್ಬ ಗ್ರಾಹಕರಿಗೆ ಸರಾಸರಿ ವರ್ಷಕ್ಕೆ ಎಷ್ಟು ನಿಮಿಷ ಕರೆಂಟ್ ಇರಲಿಲ್ಲ ಎಂಬುದು ಸೈಡಿ, ಎಷ್ಟು ಸಲ ಹೋಯಿತು ಎಂಬುದು ಸೈಫಿ. ಒಂದು ಫೀಡರಿನಲ್ಲಿ ಒಂದೇ ಸಲ 3 ಗಂಟೆ ಹೋಗಿದೆ, ಇನ್ನೊಂದರಲ್ಲಿ 12 ಸಲ 15 ನಿಮಿಷದಂತೆ. ಎರಡಕ್ಕೂ ಸೈಡಿ 180 ನಿಮಿಷವೇ, ಸೈಫಿ ಮಾತ್ರ 1 ಮತ್ತು 12. ಈ ಎರಡು ಫೀಡರುಗಳವರ ತೃಪ್ತಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಗ್ರಾಹಕರನ್ನು ಕಾಡುವುದು ಹೊತ್ತೋ, ಸಲವೋ ಎಂದು ತಿಳಿಯುತ್ತದೆ, ದುಡ್ಡನ್ನು ತಂಡ ಹೆಚ್ಚಿಸಲು ಹಾಕಬೇಕೋ ಮರದ ಕೊಂಬೆ ಕಡಿಯಲು ಹಾಕಬೇಕೋ ಎಂಬುದೂ ತಿಳಿಯುತ್ತದೆ. ಜೊತೆಗೆ "ಎಷ್ಟು ಹೊತ್ತಿಗೆ ಬರುತ್ತದೆ ಎಂದು ಯಾರಾದರೂ ಹೇಳಿದರೇ, ಹೇಳಿದ ಹೊತ್ತಿಗೆ ಬಂತೇ?" ಎಂಬುದನ್ನು ಕೇಳುವುದನ್ನು ತಪ್ಪಿಸಬೇಡಿ.

ಪ್ರಶ್ನೆ: ಯಾವುದನ್ನು ಮೊದಲು ಸುಧಾರಿಸಬೇಕು ಎಂದು ತಿಳಿಯಲು ಹತ್ತು ಅಂಶಗಳ ಪಟ್ಟಿ ಕೊಟ್ಟು "ನಿಮಗೆ ಇದು ಎಷ್ಟು ಮುಖ್ಯ?" ಎಂದು ಕೇಳಿದೆವು. ಎಲ್ಲಕ್ಕೂ "ತುಂಬಾ ಮುಖ್ಯ" ಬಂದಿದೆ.

ಉತ್ತರ: ಬಾರದೆ ಇರುತ್ತದೆಯೇ? ಬೇಡ ಅನ್ನಲು ಯಾರಿಗೂ ಖರ್ಚಿಲ್ಲ, ಬೇಕು ಅನ್ನಲೂ ಖರ್ಚಿಲ್ಲ. ಹತ್ತರಲ್ಲಿ ಮೂರನ್ನು ಮಾತ್ರ ಆರಿಸಿ ಎಂದು ಕಟ್ಟುಹಾಕಿ. ಅಥವಾ ಮುಖ್ಯವೇ ಎಂದು ಕೇಳುವುದನ್ನೇ ಬಿಟ್ಟು, ಪ್ರತಿ ಅಂಶಕ್ಕೆ ಕೊಟ್ಟ ಅಂಕವು ಒಟ್ಟು ತೃಪ್ತಿಯ ಅಂಕದ ಜೊತೆ ಎಷ್ಟು ಏರಿಳಿಯುತ್ತದೆ ಎಂದು ಲೆಕ್ಕ ಹಾಕಿ. ಇದಕ್ಕೆ ಕನಿಷ್ಠ 300 ಪೂರ್ತಿ ಉತ್ತರಗಳಾದರೂ ಇರಲಿ. ಒಂದು ಬಲೆ ಇದೆ: ಅಂಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬೇಗ ಬಂದವರನ್ನು ಜನ ಸೌಜನ್ಯವಂತರು ಅನ್ನುತ್ತಾರೆ, ಕೋಪ ಬಂದವರು ಬಿಲ್ಲಿನ ಕಾಗದಕ್ಕೂ 1 ಕೊಡುತ್ತಾರೆ. ಸಾಮಾನ್ಯ ರಿಗ್ರೆಶನ್ (ಎಲ್ಲ ಅಂಶಗಳನ್ನೂ ಒಟ್ಟಿಗಿಟ್ಟು ಪ್ರತಿಯೊಂದರ ಪ್ರಭಾವ ಅಳೆಯುವ ಲೆಕ್ಕ) ಮಾಡಿದರೆ ಇಂಥ ಜೋಡಿಯಲ್ಲಿ ಒಂದಕ್ಕೆ ಎಲ್ಲ ಶ್ರೇಯಸ್ಸು ಹೋಗಿ ಇನ್ನೊಂದು ಸೊನ್ನೆ ಅಥವಾ ಋಣ ಸಂಖ್ಯೆಯಾಗಿ ಕಾಣಬಹುದು. ಶ್ರೇಯಸ್ಸನ್ನು ಪಾಲು ಮಾಡಿ ಹಂಚುವ ಶಾಪ್ಲಿ ವಿಧಾನವನ್ನು ಬಳಸಲು ನಿಮ್ಮ ಲೆಕ್ಕದವರಿಗೆ ಹೇಳಿ.

ಎಲ್ಲರೂ ಒಳ್ಳೆಯ ಅಂಕ ಕೊಟ್ಟ ಅಂಶ ಲೆಕ್ಕದಲ್ಲಿ ಅಮುಖ್ಯವೆಂದು ಬರುತ್ತದೆ, ಅದನ್ನು ನಂಬಿ ಕೈಬಿಡಬೇಡಿ. ನಲ್ಲಿಯ ನೀರಿನ ಶುದ್ಧತೆ ಅಂಥದ್ದು. ಇದ್ದಾಗ ಯಾರೂ ಹೊಗಳುವುದಿಲ್ಲ, ಒಂದು ದಿನ ಕೆಟ್ಟರೆ ಉಳಿದ ಒಂಬತ್ತೂ ನೀರುಪಾಲು. ಜಪಾನಿನ ಗುಣಮಟ್ಟ ತಜ್ಞ ನೊರಿಯಾಕಿ ಕಾನೊ 1984ರಲ್ಲಿ ಇಂಥ ಗುಣಗಳನ್ನು ಬೇರೆಯಾಗಿಯೇ ವಿಂಗಡಿಸಿದ್ದರು.

ಪ್ರಶ್ನೆ: ಬ್ಯಾಂಕಿನ ಅಂಕ, ನೀರಿನ ಅಂಕ, ಹೋಟೆಲಿನ ಅಂಕ ಹೋಲಿಸಬಹುದೇ?

ಉತ್ತರ: ಒಂದೇ ಪ್ರಶ್ನೆ, ಒಂದೇ ಅಳತೆ ಇದ್ದರೆ ಹೋಲಿಸಬಹುದು. 1994ರಿಂದ ನಡೆಯುತ್ತಿರುವ ಅಮೆರಿಕದ ಎಸಿಎಸ್‌ಐ ಎಂಬ ಗ್ರಾಹಕ ತೃಪ್ತಿ ಸೂಚ್ಯಂಕ ಮಾಡುವುದು ಇದನ್ನೇ. ಒಟ್ಟು ತೃಪ್ತಿ, ನಿರೀಕ್ಷೆಗೆ ಹೋಲಿಸಿದರೆ ಹೇಗೆ, ಆದರ್ಶ ಸೇವೆಗೆ ಹೋಲಿಸಿದರೆ ಹೇಗೆ ಎಂಬ ಮೂರು ಪ್ರಶ್ನೆಗಳಿಂದ 0–100ರ ಅಂಕ ತೆಗೆಯುತ್ತಾರೆ. ನಿಮ್ಮ 1ರಿಂದ 5ರ ಸರಾಸರಿಯನ್ನು 100ಕ್ಕೆ ತರಬೇಕಾದರೆ 1 ಕಳೆದು, 4ರಿಂದ ಭಾಗಿಸಿ, 100ರಿಂದ ಗುಣಿಸಿ. 3.8 ಇದ್ದರೆ 70. ಬರೀ 20ರಿಂದ ಗುಣಿಸಿ 76 ಎನ್ನುವವರು ಬಹಳ ಮಂದಿ, ಆ ಲೆಕ್ಕದಲ್ಲಿ ಎಲ್ಲರೂ ಕನಿಷ್ಠ ಅಂಕ ಕೊಟ್ಟರೂ 20 ಬಂದುಬಿಡುತ್ತದೆ.

ಪ್ರಶ್ನೆ: ಸಮೀಕ್ಷೆ ಎಂದು ಕರೆ ಮಾಡಿದವರು ಗ್ರಾಹಕ ಸಂಖ್ಯೆ, ಬ್ಯಾಂಕ್ ವಿವರ, ಓಟಿಪಿ ಕೇಳಿದರು. ಕೊಡಬೇಕೇ?

ಉತ್ತರ: ಕೊಡಬೇಡಿ, ಕರೆ ಕತ್ತರಿಸಿ. ತೃಪ್ತಿ ಕೇಳಲು ಓಟಿಪಿ ಯಾರಿಗೂ ಬೇಡ. ನಿಜವಾದ ಸಮೀಕ್ಷಕರು ತಾವು ಯಾರು, ಯಾರ ಪರವಾಗಿ, ಎಷ್ಟು ನಿಮಿಷ ಎಂದು ಮೊದಲೇ ಹೇಳುತ್ತಾರೆ, ಬೇಡ ಅಂದರೆ ಬಿಡುತ್ತಾರೆ, ಏನನ್ನೂ ಮಾರುವುದಿಲ್ಲ. ಅನುಮಾನ ಬಂದರೆ ಬಿಲ್ಲಿನ ಮೇಲೆ ಅಚ್ಚಾಗಿರುವ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿ, ಅವರು ಕೊಟ್ಟ ನಂಬರಿಗಲ್ಲ.

ಪ್ರಶ್ನೆ: "ಇನ್ನೇನಾದರೂ ಹೇಳುವುದಿದೆಯೇ?" ಎಂಬ ಜಾಗದಲ್ಲಿ 2,000 ಬರಹಗಳು ಬಂದಿವೆ. ಹೇಗೆ ಓದುವುದು?

ಉತ್ತರ: ಮೊದಲ 200ನ್ನು ಇಬ್ಬರು ಬೇರೆ ಬೇರೆ ಕೂತು ಓದಿ, ತಲಾ ಒಂದು ಪಟ್ಟಿ ಮಾಡಲಿ: ಬಿಲ್ ತಪ್ಪು, ನೀರಿನ ಒತ್ತಡ, ಫೋನ್ ಎತ್ತಲಿಲ್ಲ, ಮತ್ತೆ ಮತ್ತೆ ಬರಬೇಕಾಯಿತು, ಹೀಗೆ. ಎರಡು ಪಟ್ಟಿ ಸೇರಿಸಿ 15ರಿಂದ 20 ತಲೆಬರಹಗಳಿಗೆ ಇಳಿಸಿ. ಒಂದು ಬರಹಕ್ಕೆ ಎರಡು ಮೂರು ತಲೆಬರಹ ಬೀಳಬಹುದು. ಆಮೇಲೆ ಇನ್ನೊಂದು 100ಕ್ಕೆ ಇಬ್ಬರೂ ಗುರುತು ಹಾಕಿ ಹೋಲಿಸಲಿ. 100ರಲ್ಲಿ 15ಕ್ಕಿಂತ ಹೆಚ್ಚು ಕಡೆ ಹೊಂದದಿದ್ದರೆ ತಲೆಬರಹಗಳು ಅಸ್ಪಷ್ಟ ಎಂದರ್ಥ, ತಿದ್ದಿ. ಉಳಿದದ್ದನ್ನು ಹಂಚಿಕೊಂಡು ಮುಗಿಸಬಹುದು. ಕಂಪ್ಯೂಟರಿಗೆ ವಹಿಸುವುದಾದರೂ ಈ 300ನ್ನು ಕೈಯಲ್ಲಿ ಮಾಡಿಟ್ಟುಕೊಂಡು ಅದರ ಮೇಲೆ ಪರೀಕ್ಷಿಸಿ. "ಅಬ್ಬಾ, ಎಂಥಾ ಸೇವೆ! ಮೂರೇ ವಾರದಲ್ಲಿ ಬಂದರು" ಎಂಬ ಬರಹವನ್ನು ಅದು ಹೊಗಳಿಕೆಯ ಖಾನೆಗೆ ಹಾಕಿದೆಯೇ ಎಂದು ಮೊದಲು ನೋಡಿ.